ಕಿಂತ್ಸುಗಿ: ಚಿನ್ನಕ್ಕಿಂತ ಮೊದಲು ಸೊನೆ

ಬಟ್ಟಲು ನಾಲ್ಕು ಚೂರಾಗಿದೆ. ತೊಳೆದು ಒಣಗಿಸಿದ್ದು, ಅಂಚಿನ ಮೊನಚನ್ನ ಅರದಿಂದ ಸ್ವಲ್ಪವೇ ಉಜ್ಜಿದ್ದು, ಎಲ್ಲ ಆಗಲೇ ನೋಡಿದ್ರಿ. ಈಗ ಅಂಟು.

ಕಿಂತ್ಸುಗಿ ಅಂದ್ರೆ ಒಡೆದ ಪಾತ್ರೆಯನ್ನ ಅಂಟಿಸಿ, ಬಿರುಕಿನ ಗೆರೆಗೆ ಚಿನ್ನದ ಪುಡಿ ಹಾಕೋ ಜಪಾನಿ ಕಲೆ. ಹೆಸರು ಕೇಳಿದ ತಕ್ಷಣ ಎಲ್ಲರ ಕಣ್ಣು ಚಿನ್ನದ ಮೇಲೇ ಹೋಗುತ್ತೆ. ಚೂರುಗಳನ್ನ ಹಿಡಿದು ನಿಲ್ಲಿಸೋದು ಮಾತ್ರ ಈ ಕಂದು ಬಣ್ಣದ ಸೊನೆ, ಉರುಶಿ. ಈ ಸೊನೆ ಕೊಡೋ ಮರ ನಮ್ಮ ಮಾವು, ಗೇರಿನ ಕುಟುಂಬದ್ದೇ. ಮಾವಿನ ಸೊನೆ ತಾಗಿ ತುಟಿ ಪಕ್ಕ ಸುಟ್ಟುಕೊಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇದು ಅದಕ್ಕಿಂತ ಎಷ್ಟೋ ಪಾಲು ಜೋರು. ತುರಿಕೆ ಒಂದೆರಡು ದಿನ ಬಿಟ್ಟು ಏಳುತ್ತೆ. ಹಾಗಾಗಿ ಕೈಗವಸು, ತುಂಬುತೋಳು ಎರಡೂ ಬೇಕು. ಚರ್ಮಕ್ಕೆ ತಾಗಿದ್ರೆ ಮೊದಲು ಅಡುಗೆ ಎಣ್ಣೆ ಹಚ್ಚಿ ಒರೆಸಿ, ಆಮೇಲೆ ಸೋಪು. ಹಲಸಿನ ಹಣ್ಣು ಬಿಡಿಸಿದ ಕೈಗೆ ಕೊಬ್ಬರಿ ಎಣ್ಣೆ ಹಾಕ್ತೀವಲ್ಲ, ಹಾಗೇ.

ಮೈದಾಕ್ಕೆ ಹನಿ ಹನಿ ನೀರು. ಜಪಾನಿನಲ್ಲಿ ಕಿವಿಹಾಲೆಯಷ್ಟು ಮೆತ್ತಗಿರಲಿ ಅಂತಾರೆ, ನಮಗೆ ಹೋಳಿಗೆ ಕಣಕ ಅಂದ್ರೆ ಸಾಕು. ಆ ಉಂಡೆ ಎಷ್ಟಿದೆಯೋ ಹೆಚ್ಚುಕಡಿಮೆ ಅಷ್ಟೇ ಹಸಿ ಉರುಶಿಯನ್ನ ಮೂರು ನಾಲ್ಕು ಸಲಕ್ಕೆ ಸೇರಿಸಿ ಅರೆಯಬೇಕು. ಇದಕ್ಕೆ ಮುಗಿ-ಉರುಶಿ ಅಂತಾರೆ. ಚಪ್ಪಟೆ ಕಡ್ಡಿ ಎತ್ತಿದಾಗ ಎಳೆ ಬರಬೇಕು, ನೋಡಿ, ಹೀಗೆ. ಎಳೆ ತುಂಡಾದ್ರೆ ಹಿಟ್ಟು ನಾದಿದ್ದು ಸಾಲದು ಅಂತ ಅರ್ಥ.

ಎರಡೂ ಅಂಚಿಗೆ ತೆಳ್ಳಗೆ. ಇನ್ನೂ ತೆಳ್ಳಗೆ. ಸ್ವಲ್ಪ ಹೊತ್ತು ಗಾಳಿಗೆ ಬಿಟ್ಟು ಒತ್ತಿ ಜೋಡಿಸಿ, ಟೇಪ್ ಸುತ್ತಿ.

ತಪ್ಪೋದೇ ಇಲ್ಲಿ, ಅದಕ್ಕೇ ಈ ಶಾಟ್ ಉದ್ದ ಇಟ್ಟಿರೋದು. ಉರುಶಿ ಬಣ್ಣದ ಹಾಗೆ ನೀರಾರಿ ಒಣಗೋದಿಲ್ಲ. ಅದರಲ್ಲಿ ಲ್ಯಾಕೇಸ್ ಅನ್ನೋ ಕಿಣ್ವ ಇದೆ, ಅದು ಗಾಳಿಯ ಆಮ್ಲಜನಕದ ಜೊತೆ ಕೆಲಸ ಮಾಡಿ ಸೊನೆಯನ್ನ ಗಟ್ಟಿ ಮಾಡುತ್ತೆ. ಅದಕ್ಕೆ ತೇವ ಬೇಕೇ ಬೇಕು. ಬಿಸಿಲಿಗೆ ಇಟ್ರೆ ಕೆಲಸ ಕೆಟ್ಟ ಹಾಗೆ. ಚಳಿಗಾಲದಲ್ಲಿ ಹೀಟರ್ ಹಾಕಿದ ಕೋಣೆಯಲ್ಲಿ ವಾರಗಟ್ಟಲೆ ಅಂಟಂಟಾಗೇ ಇರುತ್ತೆ. ಅದಕ್ಕೇ ಈ ಪೆಟ್ಟಿಗೆ, ಮುರೊ. ಒಳಗೆ ಒದ್ದೆ ಬಟ್ಟೆ, ತೇವಮಾಪಕ. 20ರಿಂದ 25 ಡಿಗ್ರಿ, 70ರಿಂದ 80 ಶೇಕಡಾ ತೇವ. ಬೇಗ ಆಗಲಿ ಅಂತ ತೇವ ಇನ್ನೂ ಏರಿಸಿದ್ರೆ, ದಪ್ಪ ಬಿದ್ದ ಕಡೆ ಮೇಲ್ಪದರ ಮೊದಲು ಬಿಗಿದು ಹಾಲಿನ ಕೆನೆ ಥರ ಸುಕ್ಕಾಗುತ್ತೆ. ಕೆಳಗೆ ಹಸಿ ಹಾಗೇ ಉಳಿಯುತ್ತೆ. ಬಿರುಕಿನ ಒಳಗಂತೂ ಗಾಳಿ ಅಂಚಿನಿಂದ ಮಾತ್ರ ಹೋಗಬೇಕು. ಐದನೇ ದಿನ ಮುಟ್ಟಿದ್ರೆ ಕೈಗೆ ಅಂಟಲ್ಲ, ಗಟ್ಟಿಯಾಯ್ತು ಅಂತ ಟೇಪ್ ಕೀಳ್ತಾರೆ, ಚೂರು ಕೂದಲೆಳೆಯಷ್ಟು ಜಾರುತ್ತೆ. ಆ ಮೆಟ್ಟಿಲನ್ನ ಆಮೇಲೆ ಎಷ್ಟು ಉಜ್ಜಿದ್ರೂ ಚಿನ್ನದ ಕೆಳಗೆ ಬೆರಳಿಗೆ ಸಿಗುತ್ತೆ. ಎರಡು ವಾರ ಕಡಿಮೆ ಅಂದ್ರೆ ಕಡಿಮೆ. ಮೂರು ವಾರ ಬಿಡಿ.

ಕಾಯೋಕೆ ಬೇಜಾರು ಅಂತ ಎಪಾಕ್ಸಿ ಅನ್ನೋ ರಾಸಾಯನಿಕ ಅಂಟು, ಹಿತ್ತಾಳೆ ಪುಡಿ ಇರೋ ಕಿಟ್ ತಗೊಂಡು ಅದನ್ನೂ ಕಿಂತ್ಸುಗಿ ಅಂತಾರೆ. ನನಗೆ ಆ ಹೆಸರು ಕೊಡೋದೇ ಸರಿ ಅನ್ನಿಸಲ್ಲ. ಹ್ಞಾಂ, ಹೂದಾನಿಗಾದ್ರೆ ಆಗಲಿ, ಅಡ್ಡಿಯಿಲ್ಲ. ಆದ್ರೆ ಚಹಾ ಕುಡಿಯೋ ಬಟ್ಟಲಿಗೆ ಖಂಡಿತ ಬೇಡ.

ಬಟ್ಟಲು ಅಂದಾಗ ನೆನಪಾಯ್ತು. ಟೋಕಿಯೋ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಬಕೋಹನ್ ಅಂತ ಒಂದು ತಿಳಿಹಸಿರು ಬಟ್ಟಲಿದೆ. 15ನೇ ಶತಮಾನದಲ್ಲಿ ಶೋಗನ್, ಅಂದ್ರೆ ಜಪಾನಿನ ಸೇನಾಧಿಪತಿ ಆಳ್ವಿಕೆಗಾರ, ಆಶಿಕಾಗ ಯೋಶಿಮಾಸ ಅದು ಬಿರುಕು ಬಿಟ್ಟಿತು, ಬದಲಿ ಕೊಡಿ ಅಂತ ಚೀನಾಕ್ಕೆ ಕಳಿಸಿದನಂತೆ. ಅಂಥದ್ದು ಈಗ ಸಿಗಲ್ಲ ಅಂತ ಲೋಹದ ಕೊಂಡಿ ಬಡಿದು ವಾಪಸ್ ಕಳಿಸಿದ್ರಂತೆ. ಕಿಂತ್ಸುಗಿ ಹುಟ್ಟಿದ್ದೇ ಅದರಿಂದ ಅಂತ ಎಲ್ಲ ಕಡೆ ಹೇಳ್ತಾರೆ, ಆ ಬಟ್ಟಲಲ್ಲಿ ನೋಡಿದ್ರೆ ಕೊಂಡಿಗಳೇ ಇವೆ, ಚಿನ್ನದ ಗೆರೆ ಇಲ್ಲ. ಆ ಕೊಂಡಿಗಳನ್ನ... ಅಯ್ಯೋ, ಟೇಪ್ ಬಿಚ್ಚಿದ್ದಾಯ್ತು, ಬನ್ನಿ.

ಹಾರಿಹೋದ ಚಕ್ಕೆಯ ಗುಳಿಗೆ ಸಾಬಿ-ಉರುಶಿ. ಟೊನೊಕೊ ಅನ್ನೋ ನುಣ್ಣನೆ ಕಲ್ಲುಪುಡಿಯನ್ನ ಮೊದಲು ನೀರಲ್ಲಿ ಕಲಸಿ, ಆಮೇಲೆ ಉರುಶಿ. ಒಂದೇ ಸಲಕ್ಕೆ ತುಂಬಬೇಡಿ. ತೆಳು ಪದರ ಹಾಕಿ, ಗಟ್ಟಿಯಾದ ಮೇಲೆ ಇನ್ನೊಂದು. ನೀರಲ್ಲಿ ಅದ್ದಿದ ಉಜ್ಜುಕಾಗದದಲ್ಲಿ ಉಜ್ಜಿ, ಕಪ್ಪು ಉರುಶಿ ಗೆರೆ, ಮತ್ತೆ ಮುರೊ, ಮತ್ತೆ ಉಜ್ಜು.

ಕೊನೆಗೆ ಕೆಂಪು ಉರುಶಿ. ಇದರ ಕೆಂಪು ಬಣ್ಣ ಬೆಂಗಾರ, ಆ ಹೆಸರು ನಮ್ಮ ಬಂಗಾಳದಿಂದ ಹೋದದ್ದು. ಚಿನ್ನದ ಕೆಳಗೆ ಕೆಂಪಿದ್ರೆ ಬಣ್ಣಕ್ಕೆ ಬಿಸುಪು ಬರುತ್ತೆ. ಗೆರೆ ಹೇಗಿರಬೇಕು ಅಂದ್ರೆ ಕೆಳಗಿನ ಕಪ್ಪು ಅಲ್ಲಲ್ಲಿ ಇಣುಕಬೇಕು, ಅಷ್ಟು ತೆಳು. ದಪ್ಪ ಆದ್ರೆ ಪುಡಿ ಒಳಗೆ ಮುಳುಗಿ ಮಂಕಾಗುತ್ತೆ, ಅಷ್ಟು ಚಿನ್ನ ದಂಡ. ಅರ್ಧ ಗಂಟೆ ಆಸುಪಾಸು ಮುರೊದಲ್ಲಿಟ್ಟು, ಬಾಯಿಂದ ಹಾ ಅಂತ ಉಸಿರು ಬಿಡಿ. ಗೆರೆ ಮೇಲೆ ಮಂಜು ಕೂತು ಮಾಯ ಆಗಬೇಕು. ಆಗಲೇ ಪುಡಿ. ಇದು ಕೆಶಿಫುನ್, ಚಿನ್ನದ ರೇಕನ್ನೇ ಅರೆದು ಮಾಡಿದ್ದು. ಜಪಾನಿನ ರೇಕು ಹೆಚ್ಚುಕಡಿಮೆ ಪೂರ್ತಿ ಬರೋದು ಕನಜಾವಾ ಅನ್ನೋ ಊರಿಂದ. ರೇಷ್ಮೆ ಅರಳೆಯ ಉಂಡೆಯಲ್ಲಿ ಎತ್ತಿ, ಗೆರೆಯ ಪಕ್ಕದಿಂದ ಗೆರೆ ಮೇಲಕ್ಕೆ ಸುತ್ತಿಸುತ್ತಿ ಹೊರಳಿಸಬೇಕು. ಅರಳೆ ನೇರ ಗೆರೆಗೆ ತಾಗಿದ್ರೆ ಎಳೆ ಅಂಟಿಕೊಳ್ಳುತ್ತೆ.

ಫ್ಯಾನ್ ಆರಿಸಿದ್ದೀರಾ? ಕೆಳಗೆ ಬಿಳಿ ಕಾಗದ ಇರಲಿ, ಉದುರಿದ್ದೆಲ್ಲ ಪೊಟ್ಟಣಕ್ಕೆ ವಾಪಸ್. ಬಟ್ಟಲು ಮತ್ತೆ ಮುರೊಗೆ, ಕನಿಷ್ಠ ಒಂದು ವಾರ. ಆಮೇಲೂ ಮೈಕ್ರೋವೇವ್‌ಗೆ ಮಾತ್ರ ಇಡಬೇಡಿ.