ಇಪ್ಪತ್ತು ವರ್ಷದ ಖಾತರಿಗೆ ಇಂದಿನ ಬೆಲೆ ಎಷ್ಟು?

ನಮಸ್ಕಾರ. ಮುಳಬಾಗಿಲಿನ ವೀಕ್ಷಕರೊಬ್ಬರು ಕೇಳಿದ್ದಾರೆ: "ಬಡ್ಡಿ ಇಳಿದರೆ ನನ್ನ ವಿಮಾ ಪಾಲಿಸಿಯ ಬೆಲೆ ಏರುತ್ತದಂತೆ, ಅದು ಹೇಗೆ ಸ್ವಾಮಿ?"

ಪಾಲಿಸಿ, ಪ್ರೀಮಿಯಂ ಎಂದರೇನೆಂಬುದು ನಿಮಗೆ ಗೊತ್ತಿರುವುದರಿಂದ ನೇರವಾಗಿ ಲೆಕ್ಕಕ್ಕೆ ಬರೋಣ. ಇಪ್ಪತ್ತು ವರ್ಷಗಳ ನಂತರ 10 ಲಕ್ಷ ರೂಪಾಯಿ ಕೊಡುತ್ತೇನೆಂದು ಕಂಪನಿ ಬರೆದುಕೊಟ್ಟಿದೆ ಎನ್ನಿ. ಶೇ 7ರ ಬಡ್ಡಿ ಸಿಗುವಾಗ ಆ ಮಾತು ಉಳಿಸಿಕೊಳ್ಳಲು ಇಂದು ಸುಮಾರು 2.58 ಲಕ್ಷ ತೆಗೆದಿಟ್ಟರೆ ಸಾಕು. ಬಡ್ಡಿ ಶೇ 5ಕ್ಕೆ ಇಳಿದರೆ 3.77 ಲಕ್ಷ ಬೇಕು. ಪಾಲಿಸಿಯ ಕಾಗದದಲ್ಲಿ ಒಂದಕ್ಷರವೂ ಬದಲಾಗಿಲ್ಲ, ಕಂಪನಿಯ ಹೊರೆ, ಅಂದರೆ ನಿಮ್ಮ ಪಾಲಿಸಿಯ ಬೆಲೆ, ಮಾತ್ರ ಹೆಚ್ಚುಕಡಿಮೆ ಅರ್ಧದಷ್ಟು ಬೆಳೆದಿದೆ.

ಈಗ ನಮ್ಮ ಕೋಲಾರದ ಎಪಿಎಂಸಿಗೆ ಬನ್ನಿ. ಮಂಡಿಯವರೊಬ್ಬರು, "15 ಕೆ.ಜಿ. ಬಾಕ್ಸ್ ಟೊಮೆಟೊಗೆ, ಬೆಲೆ ಎಷ್ಟೇ ಬಿದ್ದರೂ, 300 ರೂಪಾಯಿ ಕೊಡುತ್ತೇನೆ, ಏರಿದರೆ ಬೇರೆ ಮಂಡಿಗೆ ಹಾಕಿಕೊಳ್ಳಿ, ನನ್ನ ತಕರಾರಿಲ್ಲ" ಎಂದು ಹತ್ತು ವರ್ಷಕ್ಕೆ ಬರೆದುಕೊಟ್ಟರು ಎಂದುಕೊಳ್ಳಿ. 2023ರ ಜುಲೈನಲ್ಲಿ ಇಲ್ಲಿ ಬಾಕ್ಸ್ 2,000 ರೂಪಾಯಿ ದಾಟಿತ್ತಲ್ಲ, ಆಗ ರೈತರು ಅವರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಹಣ್ಣನ್ನು ರಸ್ತೆಬದಿಗೆ ಸುರಿಯುವ ಕಾಲ ಬಂದರೆ ಟೆಂಪೋಗಳೆಲ್ಲ ಅವರ ಬಾಗಿಲಿಗೇ. ಸರಾಸರಿ ಬೆಲೆ 300ಕ್ಕಿಂತ ಮೇಲಿದೆಯೆಂದು ಅವರು ನಿಶ್ಚಿಂತರಾಗಿ ಕೂರುವಂತಿಲ್ಲ, ಏಕೆಂದರೆ ಏರಿದ ವರ್ಷದ ಲಾಭ ಅವರ ಕೈಗೆ ಬರುವುದೇ ಇಲ್ಲ, ಬಿದ್ದ ವರ್ಷದ ನಷ್ಟ ಮಾತ್ರ ಪೂರ್ತಿ ಅವರದು. ಅಂಥವರು ಒಂದೋ ಧರ್ಮರಾಯ, ಇಲ್ಲವೇ ಲೆಕ್ಕ ಬಾರದವರು ಎಂಬುದು ನನ್ನ ಅಭಿಪ್ರಾಯ.

ವಿಮಾ ಕಂಪನಿಯ ಪಾಡೂ ಇದೇ. ಬಡ್ಡಿ ಬಿದ್ದಾಗ ಗ್ರಾಹಕರು ಖಾತರಿ ಹಿಡಿದು ಕೂರುತ್ತಾರೆ. ಏರಿದಾಗ, ಕಂಪನಿಯ ಕೈಯಲ್ಲಿರುವ ಹಳೆಯ ಬಾಂಡ್‌ಗಳ (ಕಡಿಮೆ ಬಡ್ಡಿ ಕೊಡುವ ಸಾಲಪತ್ರಗಳ) ಬೆಲೆ ಕುಸಿದಿರುವ ಹೊತ್ತಿನಲ್ಲೇ, ಪಾಲಿಸಿ ಸರೆಂಡರ್ ಮಾಡಿ, ಅಂದರೆ ಅವಧಿಗೆ ಮೊದಲೇ ಹಿಂತಿರುಗಿಸಿ ಹಣ ಪಡೆದು, ಹೊರಡುತ್ತಾರೆ. ಆದ್ದರಿಂದ ಆಕ್ಚುಯರಿಗಳು (ವಿಮೆಯ ಲೆಕ್ಕ ಹಾಕುವ ಗಣಿತಜ್ಞರು) ಒಂದೇ ಬಡ್ಡಿ ದರವನ್ನು ನಂಬದೆ, ದರ ಏರಿಳಿಯಬಹುದಾದ ಸಾವಿರಾರು ಹಾದಿಗಳನ್ನು ಕಂಪ್ಯೂಟರಿನಲ್ಲಿ ಓಡಿಸಿ, ಪ್ರತಿಯೊಂದರ ಹೊರೆಯನ್ನು ಇಂದಿನ ಬೆಲೆಗೆ ಇಳಿಸಿ ಸರಾಸರಿ ತೆಗೆಯುತ್ತಾರೆ. ಜಪಾನಿನಲ್ಲಿ 1997ರಿಂದ 2001ರೊಳಗೆ 7 ಜೀವ ವಿಮಾ ಕಂಪನಿಗಳು ಮುಳುಗಿದ್ದಕ್ಕೆ, ಬಡ್ಡಿ ಹೆಚ್ಚಿದ್ದ ಕಾಲದಲ್ಲಿ ಕೊಟ್ಟ ಖಾತರಿಗಳೇ ಒಂದು ಮುಖ್ಯ ಕಾರಣ.

ಸಮಯ ಕಡಿಮೆಯಿರುವುದರಿಂದ ಕಂಪನಿಯ ಸಾಧನೆ ಅಳೆಯುವ ಬಗೆಯನ್ನು ಒಂದೇ ಉಸಿರಿನಲ್ಲಿ ಹೇಳುತ್ತೇನೆ: ಬಡ್ಡಿ ಇಳಿದ ವರ್ಷ ಬಾಂಡ್‌ಗಳ ಬೆಲೆ 40 ಕೋಟಿ ಏರಿತೆಂದು ಹಿಗ್ಗಿದರೂ, ಖಾತರಿಗಳ ಹೊರೆ 60 ಕೋಟಿ ಏರಿದ್ದರೆ ಅದು 20 ಕೋಟಿ ನಷ್ಟದ ವರ್ಷವೇ.

ಮುಳಬಾಗಿಲಿನವರೇ, ಬಡ್ಡಿ ಇಳಿದರೆ ನಿಮ್ಮ ಪಾಲಿಸಿಯ ಬೆಲೆ ಏರುವುದು ನಿಜ. ಆದರೆ ಸರೆಂಡರ್ ಮೌಲ್ಯದ ಸೂತ್ರವೇ ಬೇರೆಯಾದ್ದರಿಂದ, ಏರಿದ್ದೆಲ್ಲವೂ ಇಂದೇ ಕೈಗೆ ಸಿಗುತ್ತದೆಂದು ನಂಬಿ ಶಾಖೆಗೆ ಹೋಗಬೇಡಿ.