ಹಾಡಿನ ಎಳೆ ಬಿಡಿಸುವ ತಂತ್ರಾಂಶಗಳು: ಯಾವ ಕೆಲಸಕ್ಕೆ ಯಾವುದು

ಕೇಳುಗರಿಗೆ ನಮಸ್ಕಾರ.

ಸ್ಟುಡಿಯೋದಲ್ಲಿ ಹಾಡು ರೆಕಾರ್ಡ್ ಆಗುವಾಗ ಗಾಯನಕ್ಕೆ ಒಂದು ಟ್ರ್ಯಾಕ್, ಬೇಸ್ ಗಿಟಾರ್‌ಗೆ ಒಂದು, ಡ್ರಮ್ಸ್‌ಗೆ ಏಳೆಂಟು, ಹೀಗೆ ಎಲ್ಲವೂ ಬೇರೆ ಬೇರೆಯಾಗಿಯೇ ಇರುತ್ತವೆ. ಮಿಕ್ಸಿಂಗ್ ಮುಗಿದು ನಮ್ಮ ಕೈಗೆ ಬರುವಷ್ಟರಲ್ಲಿ ಉಳಿದಿರುವುದು ಎಡ ಮತ್ತು ಬಲ, ಎರಡೇ ಚಾನೆಲ್. ಆ ಎರಡರೊಳಗಿಂದ ಗಾಯನವನ್ನೋ ಡ್ರಮ್ಸನ್ನೋ ಮತ್ತೆ ಹೊರಗೆ ತೆಗೆಯಲು ಇವತ್ತು ಹಲವು ತಂತ್ರಾಂಶಗಳಿವೆ. ಹೀಗೆ ಬಿಡಿಸಿದ ಒಂದೊಂದು ಎಳೆಯನ್ನೂ ಸ್ಟೆಮ್ ಎನ್ನುತ್ತಾರೆ.

ಯಾವ ತಂತ್ರಾಂಶ ಒಳ್ಳೆಯದು ಎಂದು ಕೇಳುವವರು ಬಹಳ. ಆದರೆ ಬಿಡಿಸಿದ ಸ್ಟೆಮ್ಮನ್ನು ಏನು ಮಾಡುತ್ತೀರಿ ಎಂಬುದು ಗೊತ್ತಾಗದೆ ಆ ಪ್ರಶ್ನೆಗೆ ಉತ್ತರ ಹೇಳಲು ಬರುವುದಿಲ್ಲ. ಬೇಸ್‌ನಲ್ಲಿ ಏನು ನುಡಿಸಿದ್ದಾರೆಂದು ಕೇಳಿ ಸ್ವರ ಬರೆದುಕೊಳ್ಳಬೇಕೆ? ಗಾಯನ ತೆಗೆದು, ಉಳಿದ ಹಿಮ್ಮೇಳಕ್ಕೆ ನೀವು ಹಾಡಬೇಕೆ? ಗಾಯನ ಮಾತ್ರ ಇಟ್ಟುಕೊಂಡು ಹೊಸ ಹಿಮ್ಮೇಳ ಕಟ್ಟಬೇಕೆ? ಮೊದಲನೆಯದಕ್ಕೆ ಸ್ವಲ್ಪ ಸೋರಿಕೆ, ಅಂದರೆ ಬೇರೆ ವಾದ್ಯದ ಸದ್ದು ನುಸುಳಿದ್ದು, ಇದ್ದರೂ ನಡೆಯುತ್ತದೆ. ಎರಡನೆಯದರಲ್ಲಿ ನಿಮ್ಮ ದನಿಯೇ ಬಹಳಷ್ಟು ದೋಷಗಳನ್ನು ಮುಚ್ಚಿಬಿಡುತ್ತದೆ. ಮೂರನೆಯದು ಕಷ್ಟದ ಕೆಲಸ. ಅಲ್ಲಿ ಗಾಯನಕ್ಕೆ ಮರೆಯೇ ಇರುವುದಿಲ್ಲ, ಪ್ರತಿಯೊಂದು ದೋಷವೂ ಕಿವಿಗೆ ಬೀಳುತ್ತದೆ.

ಹಳೆಯ ಉಪಾಯದಿಂದಲೇ ಶುರುಮಾಡೋಣ. ಮಿಕ್ಸ್‌ನಲ್ಲಿ ಮುಖ್ಯ ಗಾಯನ ಸಾಮಾನ್ಯವಾಗಿ ನಡುವೆ ಕೂತಿರುತ್ತದೆ, ಅಂದರೆ ಎಡಕ್ಕೂ ಬಲಕ್ಕೂ ಒಂದೇ ಸಮ. ಬಲ ಚಾನೆಲ್‌ನ ಅಲೆಯನ್ನು ತಲೆಕೆಳಗು ಮಾಡಿ ಎಡಕ್ಕೆ ಕೂಡಿಸಿದರೆ ನಡುವೆ ಇದ್ದದ್ದೆಲ್ಲ ಅಳಿಸಿಹೋಗುತ್ತದೆ. ತೊಂದರೆ ಏನೆಂದರೆ ಕಿಕ್ ಡ್ರಮ್ಮೂ ಬೇಸೂ ಕೂಡ ನಡುವೆಯೇ ಇರುತ್ತವೆ, ಅವೂ ಗಾಯನದ ಜೊತೆ ಹೋಗುತ್ತವೆ. ಗಾಯನಕ್ಕೆ ಹಾಕಿದ ರಿವರ್ಬ್ (ಕೋಣೆಯ ಗುಂಗಿನಂಥ ಪ್ರತಿಧ್ವನಿ) ಎರಡೂ ಕಡೆ ಹರಡಿಕೊಂಡಿರುವುದರಿಂದ ಅದು ಮಾತ್ರ ಉಳಿದು, ಗಾಯಕರು ಪಕ್ಕದ ಕೋಣೆಯಲ್ಲಿ ಹಾಡುತ್ತಿರುವಂತೆ ಕೇಳಿಸುತ್ತದೆ. ಸಿಗುವ ಫಲವೂ ಮೋನೊ, ಅಂದರೆ ಎರಡೂ ಕಡೆ ಒಂದೇ ಧ್ವನಿ. ಮೂಲವೇ ಮೋನೊ ರೆಕಾರ್ಡಿಂಗ್ ಆಗಿದ್ದರಂತೂ ಇಡೀ ಹಾಡು ಮೌನವಾಗುತ್ತದೆ.

ಈಗಿನ ತಂತ್ರಾಂಶಗಳು ಬೇರೆ ದಾರಿ ಹಿಡಿದಿವೆ. ಬಿಡಿ ಟ್ರ್ಯಾಕ್‌ಗಳೂ ಅವುಗಳ ಮಿಕ್ಸೂ ಎರಡೂ ಇರುವ ಹಾಡುಗಳನ್ನು ಉದಾಹರಣೆಗಳಿಂದ ಕಲಿಯುವ ನ್ಯೂರಲ್ ನೆಟ್‌ವರ್ಕ್ ಎಂಬ ಪ್ರೋಗ್ರಾಂಗೆ ಉಣಿಸಿ, ಯಾವ ಧ್ವನಿ ಯಾವ ವಾದ್ಯದ್ದೆಂದು ಕಲಿಸಿರುತ್ತಾರೆ. ಹೀಗೆ ಕಲಿತು ಸಿದ್ಧವಾದದ್ದನ್ನು ಮಾಡೆಲ್ ಎನ್ನುತ್ತಾರೆ. ಈ ಕ್ಷೇತ್ರದಲ್ಲಿ ಎಲ್ಲರೂ ಅಳತೆಗೋಲಾಗಿ ಬಳಸುವ ಸಂಗ್ರಹದ ಹೆಸರು ಮ್ಯೂಸ್‌ಡಿಬಿ 18. ಅದರಲ್ಲಿರುವುದು 150 ಹಾಡು: 100 ಕಲಿಕೆಗೆ, 50 ಪರೀಕ್ಷೆಗೆ. ಪ್ರತಿ ಹಾಡೂ ಗಾಯನ, ಡ್ರಮ್ಸ್, ಬೇಸ್, ಉಳಿದದ್ದು ಎಂದು ನಾಲ್ಕು ಭಾಗವಾಗಿದೆ. ಬಹುತೇಕ ತಂತ್ರಾಂಶಗಳು ನಾಲ್ಕೇ ಸ್ಟೆಮ್ ಕೊಡುವುದಕ್ಕೆ ಇದೇ ಮುಖ್ಯ ಕಾರಣ. ಪಿಟೀಲು, ಕೊಳಲು, ಸಿತಾರ್, ಕೀಬೋರ್ಡ್ ಎಲ್ಲವೂ ಆ "ಉಳಿದದ್ದು" ಎಂಬ ಒಂದೇ ಚೀಲಕ್ಕೆ ಬೀಳುತ್ತವೆ.

ಸ್ಪ್ಲೀಟರ್ ಅನ್ನು ಡೀಜರ್ ಎಂಬ ಫ್ರೆಂಚ್ ಸಂಗೀತ ಸಂಸ್ಥೆ 2019ರ ನವೆಂಬರ್‌ನಲ್ಲಿ ಉಚಿತವಾಗಿ ಬಿಡುಗಡೆ ಮಾಡಿತು. ಎರಡು, ನಾಲ್ಕು ಅಥವಾ ಪಿಯಾನೊ ಸೇರಿ ಐದು ಸ್ಟೆಮ್ ಕೊಡುತ್ತದೆ. ಇದರ ದೊಡ್ಡ ಗುಣ ವೇಗ. ಇದರ ಕೊರತೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಲೆಕ್ಕ ಬಹಳ ಸರಳವಾಗಿದೆ. ಸ್ಪ್ಲೀಟರ್ ಧ್ವನಿಯನ್ನು ಒಂದು ಸಲಕ್ಕೆ 4096 ಸ್ಯಾಂಪಲ್‌ಗಳ (ಧ್ವನಿಯನ್ನು ಅಳೆದ ಬಿಂದುಗಳ) ತುಂಡಾಗಿ ತೆಗೆದುಕೊಂಡು ಆವರ್ತನಗಳ ಪಟ್ಟಿಗಳಾಗಿ ಸೀಳುತ್ತದೆ. ಸೆಕೆಂಡಿಗೆ 44,100 ಸ್ಯಾಂಪಲ್ ಇರುವ ಫೈಲ್‌ನಲ್ಲಿ ಒಂದೊಂದು ಪಟ್ಟಿಯ ಅಗಲ 10.77 ಹರ್ಟ್ಸ್. ಮಾಮೂಲಿ ಸೆಟ್ಟಿಂಗ್‌ನಲ್ಲಿ ಮಾಡೆಲ್ ನೋಡುವುದು ಮೊದಲ 1024 ಪಟ್ಟಿಗಳನ್ನು ಮಾತ್ರ. ಗುಣಿಸಿದರೆ 11,025 ಹರ್ಟ್ಸ್. ಅದರ ಮೇಲಿನ ಧ್ವನಿ ಸ್ಟೆಮ್‌ಗೆ ಬರುವುದೇ ಇಲ್ಲ. ಸಿಂಬಲ್‌ನ ಚಿಮ್ಮು, ಗಾಯನದಲ್ಲಿ ಸ, ಶ ಅಕ್ಷರಗಳ ಹರಿತ, ಉಸಿರಿನ ಸದ್ದು ಎಲ್ಲ ಮೊಂಡಾಗುತ್ತವೆ. ಸ್ಟೆಮ್‌ಗಳು ಮಂಕಾಗಿವೆ ಎನ್ನುವವರ ದೂರಿಗೆ ಬಹುಪಾಲು ಇದೇ ಕಾರಣ. 16 ಕಿಲೋಹರ್ಟ್ಸ್‌ವರೆಗಿನ ಸೆಟ್ಟಿಂಗ್ ಕೂಡ ಸ್ಪ್ಲೀಟರ್ ಜೊತೆಗೇ ಬರುತ್ತದೆ, ಅದನ್ನು ಆರಿಸಿಕೊಂಡರೆ ಬಹಳಷ್ಟು ಸರಿಹೋಗುತ್ತದೆ. ಸ್ವರ ಬರೆದುಕೊಳ್ಳುವವರಿಗೆ, ನೂರಾರು ಹಾಡುಗಳನ್ನು ಒಟ್ಟಿಗೆ ಬಿಡಿಸಬೇಕಾದವರಿಗೆ ಸ್ಪ್ಲೀಟರ್ ಈಗಲೂ ಸಾಕು.

ಫೇಸ್‌ಬುಕ್‌ನ ಸಂಶೋಧನಾ ವಿಭಾಗದಲ್ಲಿ ಹುಟ್ಟಿದ ಡೆಮಕ್ಸ್ ಆವರ್ತನದ ಪಟ್ಟಿಗಳನ್ನು ಬಿಟ್ಟು ನೇರವಾಗಿ ಧ್ವನಿಯ ಅಲೆಯ ಮೇಲೇ ಕೆಲಸ ಮಾಡಲು ಹೊರಟಿತು. 2021ರ ಆವೃತ್ತಿ ಎರಡೂ ದಾರಿಗಳನ್ನು ಒಟ್ಟುಗೂಡಿಸಿತು. 2022ರಲ್ಲಿ ಬಂದ ನಾಲ್ಕನೆಯ ಆವೃತ್ತಿಯೇ ಈಗ ಹೆಚ್ಚಾಗಿ ಬಳಕೆಯಲ್ಲಿರುವುದು. ಡ್ರಮ್ಸ್ ಮತ್ತು ಬೇಸ್ ಬೇಕಿದ್ದವರು ಮೊದಲು ಇದನ್ನೇ ಪ್ರಯತ್ನಿಸಿ. ಡ್ರಮ್‌ನ ಪೆಟ್ಟು ಬೀಳುವ ಕ್ಷಣ ಇದರಲ್ಲಿ ಗಟ್ಟಿಯಾಗಿ ಉಳಿಯುತ್ತದೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರ್‌ನಲ್ಲಿ ಹಾಡಿನ ಉದ್ದದ ಸುಮಾರು ಒಂದೂವರೆ ಪಟ್ಟು ಸಮಯ ಹಿಡಿಯುತ್ತದೆ, ನಾಲ್ಕು ನಿಮಿಷದ ಹಾಡಿಗೆ ಆರು ನಿಮಿಷ ಎಂದಿಟ್ಟುಕೊಳ್ಳಿ. ಇನ್ನಷ್ಟು ಪಳಗಿಸಿದ ಫೈನ್ ಟ್ಯೂನ್ಡ್ ಮಾಡೆಲ್ ಅದರ ನಾಲ್ಕು ಪಟ್ಟು ನಿಧಾನ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದರಲ್ಲಿ ಕನಿಷ್ಠ 3 ಜಿಬಿ ಮೆಮೊರಿ ಬೇಕು. ಮೆಮೊರಿ ಸಾಲದೆ ಪ್ರೋಗ್ರಾಂ ನಿಂತುಹೋದರೆ ಒಂದು ಸಲಕ್ಕೆ ಎಷ್ಟು ಉದ್ದದ ತುಂಡು ಎಂದು ಹೇಳುವ ಸೆಗ್ಮೆಂಟ್ ಎಂಬ ಸಂಖ್ಯೆಯನ್ನು ಇಳಿಸಿ. ಶಿಫ್ಟ್ಸ್ ಎಂಬ ಆಯ್ಕೆ ಹಾಡನ್ನು ಸ್ವಲ್ಪ ಸ್ವಲ್ಪ ಸರಿಸಿ ಹಲವು ಸಲ ಬಿಡಿಸಿ ಸರಾಸರಿ ತೆಗೆಯುತ್ತದೆ. ಹತ್ತು ಎಂದು ಕೊಟ್ಟರೆ ಹತ್ತು ಪಟ್ಟು ಸಮಯ, ಸಿಗುವ ಲಾಭ ಮಾತ್ರ ಅತ್ಯಲ್ಪ. ಗಿಟಾರ್, ಪಿಯಾನೊ ಸೇರಿಸಿ ಆರು ಸ್ಟೆಮ್ ಕೊಡುವ ಮಾಡೆಲ್ ಕೂಡ ಡೆಮಕ್ಸ್‌ನಲ್ಲಿದೆ. ಗಿಟಾರ್ ಪರವಾಗಿಲ್ಲ. ಪಿಯಾನೊ ಸ್ಟೆಮ್ ನಂಬುವಂಥದ್ದಲ್ಲ, ಸೋರಿಕೆ ತೀರಾ ಹೆಚ್ಚು.

ಡೆಮಕ್ಸ್ ಬಳಸುವವರು ಒಂದು ಮಾತು ನೆನಪಿಡಬೇಕು. ಯಾವುದಾದರೂ ಸ್ಟೆಮ್‌ನ ಮಟ್ಟ ಮಿತಿ ಮೀರಿದರೆ ಅದು ಆ ಸ್ಟೆಮ್ ಒಂದನ್ನೇ ಇಡಿಯಾಗಿ ತಗ್ಗಿಸಿ ಬರೆಯುತ್ತದೆ. ಆಗ ನಾಲ್ಕನ್ನೂ ಮತ್ತೆ ಕೂಡಿಸಿದಾಗ ಮೂಲದ ಹದ ಸಿಗುವುದಿಲ್ಲ, ಡ್ರಮ್ಸ್ ಹಿಂದೆ ಸರಿದಂತೆ ಇರುತ್ತದೆ. ಬಿಡಿಸುವ ಮೊದಲೇ ಮೂಲ ಫೈಲ್‌ನ ಮಟ್ಟವನ್ನು 3ರಿಂದ 6 ಡೆಸಿಬಲ್ ಇಳಿಸಿಕೊಂಡರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಅಲ್ಟಿಮೇಟ್ ವೋಕಲ್ ರಿಮೂವರ್ ಎಂಬುದು ಒಂದೇ ಮಾಡೆಲ್ ಅಲ್ಲ, ಹಲವು ಮಾಡೆಲ್‌ಗಳನ್ನು ನಡೆಸುವ ಉಚಿತ ತಂತ್ರಾಂಶ. ಕಮಾಂಡ್ ಟೈಪ್ ಮಾಡುವ ಅಭ್ಯಾಸ ಇಲ್ಲದವರಿಗೆ ಇದು ವರವೇ ಸರಿ. ಅದರಲ್ಲಿ ಡೆಮಕ್ಸ್ ಇದೆ, ಗಾಯನಕ್ಕೆ ಹೆಸರಾದ ಎಂಡಿಎಕ್ಸ್ ನೆಟ್ ಇದೆ, ವಿಆರ್ ಎಂಬ ಹಳೆಯ ಬಗೆಯ ಮಾಡೆಲ್‌ಗಳೂ ಇವೆ. ವಿಆರ್‌ನಲ್ಲಿ ಅಗ್ರೆಷನ್ ಎಂಬ ಸಂಖ್ಯೆಯನ್ನು ಏರಿಸಿದಷ್ಟೂ ಗಾಯನವನ್ನು ಒರಟಾಗಿ ಕಿತ್ತುಹಾಕುತ್ತದೆ, ಜೊತೆಗೆ ಹಿಮ್ಮೇಳದ ತುಂಡುಗಳೂ ಹೋಗುತ್ತವೆ. ಎರಡು ಮೂರು ಮಾಡೆಲ್‌ಗಳ ಫಲಿತಾಂಶವನ್ನು ಬೆರೆಸುವ ಸೌಲಭ್ಯವೂ ಇದರಲ್ಲಿದೆ. ಗಾಯನವನ್ನು ಒಂಟಿಯಾಗಿ ಬಳಸುವವರು 2023ರಿಂದ ಈಚೆಗೆ ಬಂದ ರೋಫಾರ್ಮರ್ ಬಗೆಯ ಮಾಡೆಲ್‌ಗಳನ್ನು ಹುಡುಕಿ. ಮಂದ್ರದ ಪಟ್ಟಿಗಳನ್ನು ಸಣ್ಣದಾಗಿ, ತಾರದ ಪಟ್ಟಿಗಳನ್ನು ದೊಡ್ಡದಾಗಿ ಸೀಳಿ ಬೇರೆ ಬೇರೆಯಾಗಿ ವಿಚಾರಿಸಿಕೊಳ್ಳುವುದು ಅವುಗಳ ಕ್ರಮ. ಗಾಯನದ ವಿಷಯದಲ್ಲಿ ಅವು ಉಳಿದವುಗಳಿಗಿಂತ ಸ್ಪಷ್ಟವಾಗಿ ಮುಂದಿವೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ನಡೆಸಲು ಹೋದರೆ ಮಾತ್ರ ಬಹಳ ಹೊತ್ತು ಕಾಯಬೇಕು.

ಲಾಜಿಕ್ ಪ್ರೊ, ಎಫ್ಎಲ್ ಸ್ಟುಡಿಯೋ ಮುಂತಾದ ಸಂಗೀತ ತಯಾರಿಕೆಯ ತಂತ್ರಾಂಶಗಳೊಳಗೇ ಈ ಸೌಲಭ್ಯ ಈಗ ಸೇರಿಕೊಂಡಿದೆ. ಅಡಾಸಿಟಿ ಎಂಬ ಉಚಿತ ಧ್ವನಿ ಸಂಪಾದಕಕ್ಕೆ ಇಂಟೆಲ್‌ನ ಓಪನ್‌ವಿನೊ ಪ್ಲಗಿನ್ ಹಾಕಿಕೊಳ್ಳಬಹುದು. ಅನುಕೂಲ ಹೆಚ್ಚು, ಮಾಡೆಲ್ ಬದಲಿಸುವ ಸ್ವಾತಂತ್ರ್ಯ ಕಡಿಮೆ. ಇಂಟರ್ನೆಟ್‌ನಲ್ಲಿ ಫೈಲ್ ಅಪ್‌ಲೋಡ್ ಮಾಡಿ ಬಿಡಿಸಿಕೊಳ್ಳುವ ಸೇವೆಗಳೂ ಇವೆ. ಇನ್ನೂ ಬಿಡುಗಡೆಯಾಗದ ಹಾಡಿದ್ದರೆ ಅದನ್ನು ನಿಮ್ಮ ಕಂಪ್ಯೂಟರ್‌ನಲ್ಲೇ ಬಿಡಿಸಿ.

ಅಂಕಗಳ ವಿಷಯ. ಹೋಲಿಕೆಗೆ ಎಸ್‌ಡಿಆರ್ ಎಂಬ ಅಳತೆ ಬಳಸುತ್ತಾರೆ: ಸ್ಟೆಮ್‌ನಲ್ಲಿ ಸರಿಯಾದ ಧ್ವನಿ ಎಷ್ಟು, ತಪ್ಪು ಎಷ್ಟು ಎಂಬ ಪ್ರಮಾಣ, ಡೆಸಿಬಲ್‌ನಲ್ಲಿ. ಡೆಮಕ್ಸ್ ತಯಾರಕರು ಕೊಟ್ಟಿರುವ ಪಟ್ಟಿಯಲ್ಲಿ ಸ್ಪ್ಲೀಟರ್‌ಗೆ 5.9, ಡೆಮಕ್ಸ್ ನಾಲ್ಕನೆಯ ಆವೃತ್ತಿಗೆ 9.0. 6 ಡೆಸಿಬಲ್ ಎಂದರೆ ತಪ್ಪಿನ ಶಕ್ತಿ ಸರಿಯಾದದ್ದರ ಕಾಲು ಭಾಗ, 9 ಎಂದರೆ ಎಂಟನೆಯ ಒಂದು ಭಾಗ. ವ್ಯತ್ಯಾಸ ದೊಡ್ಡದೇ. ಆದರೆ ಈ ಅಂಕ ನಾಲ್ಕೂ ಸ್ಟೆಮ್‌ಗಳ ಸರಾಸರಿ. ತಪ್ಪು ಎಂಥದ್ದು ಎಂಬುದನ್ನು ಅದು ಹೇಳುವುದಿಲ್ಲ. ಗಾಯನದ ಹಿಂದೆ ಮೆಲ್ಲಗೆ ಕೇಳಿಸುವ ಗಿಟಾರ್ ಸೋರಿಕೆಯನ್ನು ಕಿವಿ ಸಹಿಸುತ್ತದೆ, ಗಾಯನವೇ ನೀರಿನೊಳಗಿಂದ ಬಂದಂತೆ ಗುಳುಗುಳು ಎಂದರೆ ಸಹಿಸುವುದಿಲ್ಲ. ಎರಡಕ್ಕೂ ಒಂದೇ ಅಂಕ ಬಂದಿರಬಹುದು.

ಎಲ್ಲಿ ತಪ್ಪುತ್ತವೆ ಎಂಬುದಕ್ಕೆ ಬರೋಣ. ಸ್ಯಾಕ್ಸೊಫೋನ್ ಮತ್ತು ಪಿಟೀಲಿನ ಕಂಪನ ಗಾಯನವನ್ನು ಹೋಲುವುದರಿಂದ ಅವು ಗಾಯನದ ಸ್ಟೆಮ್ಮಿಗೆ ನುಗ್ಗುತ್ತವೆ, ಅದರಲ್ಲೂ ಪಿಟೀಲು ಗಾಯನದ ಬೆನ್ನು ಹಿಡಿದು ಅದೇ ಸ್ವರ ನುಡಿಸುವಾಗ. ತಬಲಾದ ಎಡಗೈ ಡಗ್ಗ ಸ್ವರ ಜಾರಿಸುವ ವಾದ್ಯ. ಮಾಡೆಲ್ ಕಲಿತದ್ದು ಡ್ರಮ್ ಸೆಟ್ಟಿನಿಂದ, ಹಾಗಾಗಿ ಪೆಟ್ಟಿನ ತುದಿ ಡ್ರಮ್ಸ್‌ಗೆ ಹೋಗಿ ಗುಂಗು ಬೇಸ್‌ಗೆ ಸೇರುವುದುಂಟು. ಮುಖ್ಯ ಗಾಯನವೂ ಕೋರಸ್ಸೂ ಒಂದೇ ಸ್ಟೆಮ್‌ನಲ್ಲಿ ಬರುತ್ತವೆ, ಅವನ್ನು ಬೇರ್ಪಡಿಸಲು ಅದಕ್ಕೆಂದೇ ಪಳಗಿಸಿದ ಇನ್ನೊಂದು ಮಾಡೆಲ್ ಬೇಕು. ಮಾಸ್ಟರಿಂಗ್ ಎಂಬ ಕೊನೆಯ ಹಂತದಲ್ಲಿ ಲಿಮಿಟರ್ (ಮಿತಿ ಮೀರುವ ಮಟ್ಟವನ್ನು ಒತ್ತಿಹಿಡಿಯುವ ಸಾಧನ) ಹಾಕಿ ಜೋರು ಮಾಡಿದ ಹಾಡಿನಲ್ಲಿ ಪ್ರತಿ ಕಿಕ್ ಪೆಟ್ಟಿಗೂ ಇಡೀ ಮಿಕ್ಸ್ ಒಂದು ಕ್ಷಣ ಕುಗ್ಗಿರುತ್ತದೆ. ಕಿಕ್ಕನ್ನು ತೆಗೆದ ಮೇಲೂ ಗಾಯನದಲ್ಲಿ ಆ ಕುಗ್ಗು ಉಳಿಯುತ್ತದೆ. ಅದು ತಂತ್ರಾಂಶದ ತಪ್ಪಲ್ಲ, ಮಾಡೆಲ್ ಬದಲಿಸಿದರೂ ಹೋಗದು.

ಮೂಲ ಫೈಲ್ ಆದಷ್ಟೂ ಧ್ವನಿಯಲ್ಲಿ ಏನನ್ನೂ ಕಳೆಯದ ವೇವ್ ಅಥವಾ ಫ್ಲ್ಯಾಕ್ ಬಗೆಯದಾಗಿರಲಿ. ಎಂಪಿ3 ಕಿರಿದಾಗುವಾಗ ಮೆಲುದನಿಗಳನ್ನೇ ಮೊದಲು ಬಿಸಾಡುತ್ತದೆ, ಬಿಡಿಸುವಾಗ ಬೇಕಾಗುವುದೂ ಅವೇ. ಎಂಪಿ3ಯನ್ನು ವೇವ್‌ಗೆ ಬದಲಾಯಿಸಿದರೆ ಹೋದದ್ದು ಮರಳಿ ಬರುವುದಿಲ್ಲ. ಸ್ಟೆಮ್‌ಗಳನ್ನೂ ವೇವ್‌ನಲ್ಲೇ ಬರೆಸಿ. 16 ಬಿಟ್ ಸ್ಟೀರಿಯೋದಲ್ಲಿ ನಾಲ್ಕು ನಿಮಿಷದ ಒಂದು ಸ್ಟೆಮ್ ಸುಮಾರು 42 ಎಂಬಿ, ನಾಲ್ಕು ಸೇರಿ 170 ಎಂಬಿ ಜಾಗ ಬೇಕು.

ಹೋಲಿಸುವ ಕ್ರಮ ಹೀಗೆ. ಇಡೀ ಹಾಡು ಬೇಡ. ವಾದ್ಯಗಳೆಲ್ಲ ಮೊರೆಯುವ ಕಡೆಯಿಂದ 30 ಸೆಕೆಂಡ್, ಗಾಯನ ನಿಂತು ವಾದ್ಯ ಮಾತ್ರ ಇರುವ ಕಡೆಯಿಂದ 30 ಸೆಕೆಂಡ್ ಕತ್ತರಿಸಿಕೊಳ್ಳಿ. ಎರಡು ಮೂರು ಮಾಡೆಲ್‌ಗಳಲ್ಲಿ ಬಿಡಿಸಿ. ಮೂಲವನ್ನೂ ನಾಲ್ಕು ಸ್ಟೆಮ್‌ಗಳನ್ನೂ ಒಂದೇ ಪ್ರಾಜೆಕ್ಟ್‌ನಲ್ಲಿ ಸಾಲಾಗಿ ಇಟ್ಟು, ಮೂಲವನ್ನು ಮಾತ್ರ ತಲೆಕೆಳಗು ಮಾಡಿ ಎಲ್ಲವನ್ನೂ ಒಟ್ಟಿಗೆ ನುಡಿಸಿ. ಬಿಡಿಸುವಾಗ ಏನೂ ಕಳೆದುಹೋಗಿಲ್ಲ ಎಂದಾದರೆ ಮೌನ ಕೇಳಿಸಬೇಕು. ಕೇಳಿಸುವುದೆಲ್ಲ ಎಲ್ಲಿಯೂ ಸೇರದೆ ಹೋದ, ಇಲ್ಲವೇ ಹೊಸದಾಗಿ ಹುಟ್ಟಿದ ಧ್ವನಿ. ಇಲ್ಲಿ ಫೈಲ್‌ಗಳು ಒಂದೇ ಒಂದು ಸ್ಯಾಂಪಲ್‌ನಷ್ಟೂ ಆಚೀಚೆ ಆಗಬಾರದು. 10 ಕಿಲೋಹರ್ಟ್ಸ್‌ನ ಧ್ವನಿಗೆ ಒಂದು ಸ್ಯಾಂಪಲ್ ಎಂದರೆ ಸುಮಾರು 80 ಡಿಗ್ರಿಯ ಅಂತರ, ಅಷ್ಟಕ್ಕೇ ಪರೀಕ್ಷೆ ಕೆಡುತ್ತದೆ. ಎಂಪಿ3 ಫೈಲಿನ ಮೊದಲಿಗೆ ಸಾವಿರಕ್ಕೂ ಹೆಚ್ಚು ಸ್ಯಾಂಪಲ್‌ಗಳ ಖಾಲಿ ಜಾಗ ಸೇರಿಕೊಳ್ಳುವುದುಂಟು.

ಹಿಮ್ಮೇಳ ಬೇಕಾದವರಿಗೆ ಇದೇ ಉಪಾಯ ಇನ್ನೊಂದು ರೀತಿಯಲ್ಲಿ ಒದಗುತ್ತದೆ. ಡ್ರಮ್ಸ್, ಬೇಸ್, ಉಳಿದದ್ದು ಮೂರನ್ನೂ ಕೂಡಿಸುವ ಬದಲು, ಮೂಲದಿಂದ ಗಾಯನದ ಸ್ಟೆಮ್ಮನ್ನು ಕಳೆಯಿರಿ. ಬಿಡಿಸುವಾಗ ದಾರಿ ತಪ್ಪಿದ ಗಂಟೆಯ ನಾದ, ಸಿಂಬಲ್‌ನ ಬಾಲ ಇದರಲ್ಲಿ ಹಾಗೇ ಉಳಿಯುತ್ತವೆ. ಗಾಯನದ ಚೂರುಗಳೂ ಉಳಿಯಬಹುದು, ಆದ್ದರಿಂದ ಎರಡನ್ನೂ ಮಾಡಿ ಕೇಳಿ ನೋಡಿ.

ಗಾಯನವೇ ಬೇಕಾದವರು ಬಿಡಿಸಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಹಾಡು ನಿಂತಿರುವ ಕಡೆಗಳನ್ನು ಒಂದೊಂದಾಗಿ ಕೇಳಿ. ಅಲ್ಲಿ ದೆವ್ವದಂತೆ ತೇಲಿ ಬರುವ ವಾದ್ಯದ ಚೂರುಗಳನ್ನು ಕೈಯಾರೆ ಮೌನ ಮಾಡಿ. ಮೆಲ್ಲನೆಯ ಸದ್ದುಗಳನ್ನು ತಾನಾಗಿಯೇ ಮುಚ್ಚುವ ನಾಯ್ಸ್ ಗೇಟ್‌ಗೆ ಬಿಟ್ಟರೆ ಉಸಿರು ಎಳೆದುಕೊಳ್ಳುವ ಸದ್ದನ್ನೂ ಕತ್ತರಿಸುತ್ತದೆ. ಸಾಲಿನ ಆರಂಭದಲ್ಲಿ 10 ಮಿಲಿಸೆಕೆಂಡ್ ಫೇಡ್ (ಮಟ್ಟವನ್ನು ಮೆಲ್ಲಗೆ ಏರಿಸುವುದು ಅಥವಾ ಇಳಿಸುವುದು) ಕೊಡಿ. ಕೊನೆಯಲ್ಲಿ ಅಷ್ಟು ಸಾಲದು. ರಿವರ್ಬ್‌ನ ಬಾಲ ಎಲ್ಲಿಯವರೆಗೆ ಶುದ್ಧವಾಗಿ ಕೇಳಿಸುತ್ತದೋ ಅಲ್ಲಿಯವರೆಗೆ ಬಿಟ್ಟು, ಅದು ಹರಿದುಹೋಗುವ ಜಾಗಕ್ಕಿಂತ ತುಸು ಮೊದಲೇ ಫೇಡ್ ಶುರುಮಾಡಿ, ನಿಮ್ಮ ಹೊಸ ಹಿಮ್ಮೇಳಕ್ಕೆ ಹೊಂದುವ ರಿವರ್ಬನ್ನು ಅದರ ಮೇಲೆ ಹಾಕಿ.

ನಮಸ್ಕಾರ.