ಒಳಮೂಲೆ

ಎಲ್ಲರಿಗೂ ನಮಸ್ಕಾರ. ಸ್ವಿಟ್ಜರ್ಲೆಂಡಿನ ಸ್ವತಂತ್ರ ವಾಚ್ ತಯಾರಕರ ಬಗ್ಗೆ ಎಂಟು ಅಂಶ ಬರೆದುಕೊಂಡು ಬಂದಿದ್ದೆ. ಆದರೆ ನನಗಿಂತ ಮುಂಚೆ ಮಾತಾಡಿದವರು ‘ಸಿಎನ್‌ಸಿ ಬಂದ ಮೇಲೆ ಹುಡುಗರ ಕೈಗೆ ಅರ ಕೊಡೋದೇ ದಂಡ’ ಅಂದುಬಿಟ್ಟರು. ಸಿಎನ್‌ಸಿ ಅಂದರೆ ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯೋ ಯಂತ್ರ. ಆ ಮಾತು ಗಂಟಲಲ್ಲಿ ಸಿಕ್ಕಿಕೊಂಡಿದೆ. ಅದನ್ನ ಮೊದಲು ಇಳಿಸಿಕೊಳ್ತೀನಿ.

ಐಟಿಐ ಫಿಟ್ಟರ್‌ಗಳು ಇಲ್ಲಿ ಬೇಕಾದಷ್ಟು ಜನ ಇದ್ದೀರಿ. ಸ್ಕ್ವೇರ್ ಫಿಟ್ಟಿಂಗ್ ನೆನಪಿದೆಯಾ? ಅರದಲ್ಲಿ ಉಜ್ಜಿ ಉಜ್ಜಿ ಒಂದು ತುಂಡಿನ ಚೌಕದಲ್ಲಿ ಇನ್ನೊಂದು ತುಂಡು ಕೂರಿಸಬೇಕು. ನಮ್ಮ ಮೇಷ್ಟ್ರು ಎರಡನ್ನೂ ಕೂಡಿಸಿ ಕಿಟಕಿಗೆ ಹಿಡಿಯೋರು. ಸಂದಿಯಲ್ಲಿ ಬೆಳಕು ಕಂಡರೆ ಮಾತಿಲ್ಲ ಕತೆಯಿಲ್ಲ, ತುಂಡು ಗುಜರಿ ಡಬ್ಬಕ್ಕೆ. ನನ್ನದು ನಾಲ್ಕು ಸಲ ಹೋಯಿತು. ಹೊರಬದಿ ಎಲ್ಲ ಸರಿಯಾಗೇ ಇರೋದು, ಕೈ ಕೊಡ್ತಿದ್ದದ್ದು ಒಳಮೂಲೆ. ಐದನೇ ಸಲ ಕಿಟಕಿಗೆ ಹಿಡಿದರು, ತಿರುಗಿಸಿದರು, ಕನ್ನಡಕ ತೆಗೆದು ಮತ್ತೆ ನೋಡಿದರು. ‘ಹೋಗು, ಕಾಫಿ ಕುಡಿದು ಬಾ’ ಅಂದರು. ನನಗೆ ಅದೇ ಸರ್ಟಿಫಿಕೇಟು.

ಈಗ ಸ್ವಿಟ್ಜರ್ಲೆಂಡಿಗೆ ಬರ್ತೀನಿ. ಜೂರಾ ಬೆಟ್ಟಗಳಲ್ಲಿ ವಾಲೆ ದ ಝೂ ಅನ್ನೋ ಕಣಿವೆ. ಅಲ್ಲಿ ಒಂದು ಹಳೇ ಶಾಲೆಯ ಕಟ್ಟಡದಲ್ಲಿ ಫಿಲಿಪ್ ಡ್ಯುಫೂರ್ ಅನ್ನೋ ಸ್ವತಂತ್ರ ವಾಚ್ ತಯಾರಕರ ಕಾರ್ಯಾಗಾರ. 1948ರಲ್ಲಿ ಹುಟ್ಟಿದವರು. ದೊಡ್ಡ ಕಂಪನಿಯೊಂದಕ್ಕೆ ತಾನೇ ಗಂಟೆ ಬಾರಿಸುವ ಐದು ಜೇಬುಗಡಿಯಾರ ಮಾಡಿಕೊಟ್ಟರು, ಡಯಲ್ ಮೇಲೆ ಕಂಪನಿ ಹೆಸರು. 1992ರಲ್ಲಿ ಅಂಥದೇ ಯಂತ್ರವನ್ನ ಕೈಗಡಿಯಾರದೊಳಗೆ ಅಡಗಿಸಿ ಸ್ವಂತ ಹೆಸರು ಹಾಕಿದರು. 2000ದಲ್ಲಿ ‘ಸಿಂಪ್ಲಿಸಿಟಿ’ ಬಂತು. ಎರಡು ಮುಳ್ಳು, ಕೆಳಗೊಂದು ಸೆಕೆಂಡಿನ ಪುಟ್ಟ ಮುಳ್ಳು. ತಾರೀಖೂ ಇಲ್ಲ. ಹತ್ತು ಹನ್ನೆರಡು ವರ್ಷದ ದುಡಿಮೆಗೆ ಸುಮಾರು 200 ವಾಚು.

ಅದನ್ನ ಮಗುಚಿ ನೋಡಬೇಕು. ಒಳಗಿನ ಪ್ರತಿ ತಟ್ಟೆಯ ಅಂಚನ್ನೂ ಓರೆಯಾಗಿ ಉಜ್ಜಿ ಹೊಳಪು ಕೊಟ್ಟಿರ್ತಾರೆ. ಎರಡು ಓರೆ ಒಳಮುಖವಾಗಿ ಸೇರೋ ಕಡೆ ಕೂದಲೆಳೆಯಂಥ ಒಂದು ಗೆರೆ. ಇಲ್ಲೇ ನನ್ನ ವಾದ. ಸಿಎನ್‌ಸಿಯಲ್ಲಿ ಕಟರ್ ತಿರುಗುತ್ತೆ. ತಿರುಗೋದು ದುಂಡಗಿರುತ್ತೆ. ಎಷ್ಟೇ ಸಣ್ಣ ಕಟರ್ ಹಾಕಿ, ಒಳಮೂಲೆಯಲ್ಲಿ ತನ್ನ ದುಂಡು ಬಿಟ್ಟೇ ಬರುತ್ತೆ. ಆ ಗೆರೆ ಅರದಿಂದಲೇ ಏಳಬೇಕು.

ಕೊನೇ ಹೊಳಪಿಗೆ ಏನು ಗೊತ್ತಾ? ಆ ಬೆಟ್ಟದಲ್ಲೇ ಬೆಳೆಯೋ ಜೆನ್ಷಿಯನ್ ಗಿಡದ ಒಣಗಿದ ಕಡ್ಡಿ. ಅದನ್ನ ಚೂಪು ಮಾಡಿ, ಪಾಲಿಷ್ ಪೇಸ್ಟ್ ಹಚ್ಚಿ ಉಜ್ಜೋದು. ಅದೇ ಗಿಡದ ಬೇರಿನಿಂದ ಅಲ್ಲಿ ಕಹಿ ಮದ್ಯ ಇಳಿಸ್ತಾರೆ. ಬೇರು ಜಾಸ್ತಿಯಾದವರ ಕೈಗೆ ಕಡ್ಡಿ ಕೊಡಬಾರದು, ಅಷ್ಟೇ.

ತಮಾಷೆ ಕೇಳಿ. 1969ರ ಡಿಸೆಂಬರ್ 25ಕ್ಕೆ ಜಪಾನಿನ ಸೈಕೊ ಕಂಪನಿ ಬ್ಯಾಟರಿಯಲ್ಲಿ ಓಡೋ ಕ್ವಾರ್ಟ್ಜ್ ಕೈಗಡಿಯಾರ ಮಾರಾಟಕ್ಕೆ ತಂತು. ಆ ಹೊಡೆತವೂ ಸೇರಿ ಸ್ವಿಸ್ ವಾಚ್ ಉದ್ಯಮದಲ್ಲಿ 90,000ದಷ್ಟಿದ್ದ ಕೆಲಸಗಾರರು ಎಂಬತ್ತರ ದಶಕದ ಮಧ್ಯಕ್ಕೆ ಹೆಚ್ಚುಕಮ್ಮಿ ಮೂರನೇ ಒಂದು ಪಾಲಿಗೆ ಇಳಿದರು. ಆ ಹಾಳು ಸುರಿಯೋ ಕಾಲದಲ್ಲೇ, 1985ರಲ್ಲಿ, ಸ್ವೆಂಡ್ ಆಂಡರ್ಸನ್, ವಿನ್ಸೆಂಟ್ ಕಲಾಬ್ರೇಸೆ ಸೇರಿ ಸ್ವತಂತ್ರ ತಯಾರಕರ ಅಕಾಡೆಮಿ ಕಟ್ಟಿದರು. ಮುಂದೆ ‘ಸಿಂಪ್ಲಿಸಿಟಿ’ಯನ್ನ ಮೊದಮೊದಲು ಮುಗಿಬಿದ್ದು ಕೊಂಡವರು ಯಾರು? ಜಪಾನಿನವರೇ! ಒಳಮೂಲೆ ನೋಡೋಕೆ ಅವರಿಗೆ ಕಣ್ಣಿತ್ತು ಸ್ವಾಮಿ.

ಚೀಟಿ ಬಂತು. ಎರಡು ನಿಮಿಷವಂತೆ. ವಾಚಿನ ಭಾಷಣಕ್ಕೇ ಹೀಗೆ.

ಫ್ರಾಂಸ್ವಾ-ಪಾಲ್ ಜೂರ್ನ್ ಅನ್ನೋ ಇನ್ನೊಬ್ಬ ಸ್ವತಂತ್ರ ತಯಾರಕರದು ದೊಡ್ಡ ಕತೆ; ಒಂದೇ ವಾಚಿನಲ್ಲಿ ಎರಡು ಬ್ಯಾಲೆನ್ಸ್ ವೀಲ್, ಅಂದರೆ ಅತ್ತಿತ್ತ ಓಲಾಡಿ ಕಾಲ ಅಳೆಯೋ ಚಕ್ರ, ಒಂದರ ಮಿಡಿತಕ್ಕೆ ಇನ್ನೊಂದು ಹೊಂದಿಕೊಳ್ಳುತ್ತೆ. ಬಿಡಿ. 2020ರಲ್ಲಿ ಯುನೆಸ್ಕೋ ಈ ಗಡಿಯಾರದ ಕಸುಬನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಬೆಲೆ ಬಗ್ಗೆ ಕೇಳಬೇಡಿ, ಊಟ ಸೇರಲ್ಲ.

ನನ್ನ ಹತ್ತಿರ ಡ್ಯುಫೂರ್ ವಾಚ್ ಎಲ್ಲಿಂದ ಬರಬೇಕು? ಅಪ್ಪನ ಎಚ್‌ಎಂಟಿ ಜನತಾ ಇದೆ. ಕೀ ಕೊಟ್ಟರೆ ಅದೂ ಗಂಟೆಗೆ 18,000 ಸಲ ಮಿಡಿಯುತ್ತೆ, ‘ಸಿಂಪ್ಲಿಸಿಟಿ’ಯ ಲೆಕ್ಕವೇ. ಹಿಂಬದಿ ಬಿಚ್ಚಿ ಆ ಮೇಜಿನ ಮೇಲೆ ಇಟ್ಟಿದೀನಿ, ಪಕ್ಕದಲ್ಲಿ ನನ್ನ ಹಳೇ ಸ್ಕ್ವೇರ್ ಫಿಟ್ಟಿಂಗೂ ಇದೆ. ಭೂತಗನ್ನಡಿ ಒಂದೇ, ಸಾಲಾಗಿ ಬನ್ನಿ. ಒಂದು ಬೇಡಿಕೆ: ವಾಚಿನ ಹತ್ತಿರ ಯಾರೂ ಸೀನಬೇಡಿ.